ಇಂಗ್ಲಿಷ್ ಪದಗಳಿಗೆ ಬೆಡಗು ಕೇಳಿದ ಹುಡುಗಿ

ಹೊಸದಾಗಿ ಇಂಗ್ಲಿಷ್ ಟೀಚರ್ ಆಗಿ ಸೇರಿದವರು ಯಾರಾದರೂ ನನ್ನ ಹತ್ತಿರ ಬಂದು, ಮೇಡಂ, ನಮಗೆ ಏನಾದರೂ ಹೇಳಿ ಎಂದರೆ, ಕುರ್ಚಿಯಲ್ಲಿ ಕುಳಿತು ಪಾಠ ಮಾಡಬೇಡಿ ಎನ್ನುತ್ತೇನೆ. ಇನ್ನೇನೋ ದೊಡ್ಡದು ಬರುತ್ತದೆ ಎಂದು ಅವರು ಕಾಯುತ್ತಾರೆ. ಅದಕ್ಕಿಂತ ದೊಡ್ಡದು ನನಗೆ ಗೊತ್ತಿಲ್ಲ. ದೇವದುರ್ಗದಲ್ಲಿ ಕೆಲಸಕ್ಕೆ ಸೇರಿದ ದಿನದಿಂದ ಮಾನ್ವಿಯಲ್ಲಿ ನಿವೃತ್ತಳಾಗುವವರೆಗೆ ನಾನು ಒಂದು ಪೀರಿಯಡ್ಡನ್ನೂ ಕುಳಿತು ಕಳೆದವಳಲ್ಲ. ಈಗ ರಾಯಚೂರಿನ ಮನೆಯಲ್ಲಿ ಇದನ್ನು ಬರೆಯುವಾಗಲೂ ಅರ್ಧ ಪುಟಕ್ಕೊಮ್ಮೆ ಎದ್ದು ಬಾಗಿಲವರೆಗೆ ಹೋಗಿ ಬರುತ್ತಿದ್ದೇನೆ. ಅಮ್ಮೀ ಬದುಕಿದ್ದಾಗ ದಖನಿಯಲ್ಲಿ ಬೈಯುತ್ತಿದ್ದಳು, "ತೇರೇ ಪಾವಾಂ ಮೇ ಚಕ್ಕರ್ ಹೈ ಕ್ಯಾ ಗೇ?" ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದೆಯಾ ಎಂದು. ಹುಟ್ಟುಗುಣ ಸುಟ್ಟರೂ ಹೋಗದು, ಏನು ಮಾಡಲಿ.

ಬಡ್ತಿ, ಪ್ರಶಸ್ತಿ, ಸನ್ಮಾನಗಳ ಮಾತು ಬಿಡಿ, ಅವು ಎಲ್ಲರಿಗೂ ಒಂದೇ ತರಹ ಬರುತ್ತವೆ, ಅಥವಾ ಬರುವುದಿಲ್ಲ. ನಾನು ಹೇಳಬೇಕಾದದ್ದು ನನ್ನನ್ನು ಇಡೀ ನೌಕರಿಯಲ್ಲಿ ನೆಮ್ಮದಿಯಿಂದ ಇರಲು ಬಿಡದ ಒಂದು ಪ್ರಶ್ನೆಯ ಬಗ್ಗೆ.

ದೇವದುರ್ಗದ ಶಾಲೆಯಲ್ಲಿ ನಾನಿನ್ನೂ ಹೊಸಬಳು. ಬೋರ್ಡಿನ ಮೇಲೆ ಪದಗಳನ್ನು ಬರೆದು ಅರ್ಥ ಹೇಳುತ್ತಿದ್ದೆ. ರಿಸೀವ್ ಅಂದರೆ ಪಡೆಯುವುದು, ಡಿಸೀವ್ ಅಂದರೆ ಮೋಸ ಮಾಡುವುದು, ಪರ್ಸೀವ್ ಅಂದರೆ ಗ್ರಹಿಸುವುದು. ಹಿಂದಿನ ಸಾಲಿನಿಂದ ಒಬ್ಬಳು ಎದ್ದಳು.

"ಟೀಚರ್ರೀ, ಬರೇ ಸೀವ್ ಅಂದ್ರೇನ್ರಿ?"

"ಅದು ಬರೇ ಬರಂಗಿಲ್ಲವ್ವಾ."

"ಯಾಕ್ರಿ?"

ನನಗೆ ಗೊತ್ತಿರಲಿಲ್ಲ. ಅದು ಹಂಗೇ, ಕೂಡು ಎಂದೆ. ಅವಳು ಕೂತಳು, ನನಗೆ ಮಾತ್ರ ಕೂರಲಾಗಲಿಲ್ಲ. ಮುಂದಿನ ರಜೆಗೆ ರಾಯಚೂರಿನ ಬಸ್ಸು ಹತ್ತಿ, ಗ್ರಂಥಾಲಯದ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ದಪ್ಪ ನಿಘಂಟನ್ನು ಇಳಿಸಿಕೊಂಡು ನಿಂತೇ ಓದಿದೆ. ಸೀವ್‌ನ ಮೂಲ ಲ್ಯಾಟಿನ್ ಭಾಷೆಯ ಒಂದು ಕ್ರಿಯಾಪದ, ಹಿಡಿ, ತೆಗೆದುಕೊ ಎಂದು ಅರ್ಥ. ಅದು ಫ್ರೆಂಚರ ಬಾಯಲ್ಲಿ ಸವೆದು ಸಣ್ಣದಾಗಿ ಇಂಗ್ಲಿಷಿಗೆ ಬಂತು. ಬರುವಾಗ ಒಂಟಿಯಾಗಿ ಬರಲಿಲ್ಲ, ಮುಂದೆ ಒಂದು ತುಂಡು ಅಂಟಿಸಿಕೊಂಡೇ ಬಂತು. ಇವತ್ತಿಗೂ ಹಾಗೇ ಬದುಕಿದೆ. ಫರ್ ಅಂದರೆ ಹೊರುವುದು. ರೆಫರ್, ಪ್ರಿಫರ್, ಸಫರ್ ಎಲ್ಲದರಲ್ಲೂ ಹೊರೆ ಇದೆ. ಮಿಟ್ ಅಂದರೆ ಕಳಿಸುವುದು. ಡಿಫೆಂಡ್, ಅಫೆಂಡ್ ಎರಡರಲ್ಲೂ ಇರುವ ಫೆಂಡ್‌ನ ಕಥೆ ಇನ್ನೂ ವಿಚಿತ್ರ. ಹೊಡೆ, ನೂಕು ಎಂಬ ಅರ್ಥದ ಆ ಕ್ರಿಯಾಪದ ಲ್ಯಾಟಿನ್ನಿನಲ್ಲೂ ಒಂಟಿಯಾಗಿ ಸಿಗುವುದಿಲ್ಲವಂತೆ, ಅಲ್ಲೂ ಬೇರೆ ತುಂಡಿನ ಜೊತೆಯಲ್ಲೇ ಇತ್ತಂತೆ. ಅದನ್ನು ಓದಿ ನನಗೆ ಮೈ ಜುಮ್ಮೆಂದಿತು. ಊರಿಗೆ ವಾಪಸು ಬರುವ ಬಸ್ಸಿನಲ್ಲಿ ಸೀಟಿದ್ದರೂ ನಿಂತುಕೊಂಡೇ ಬಂದೆ.

ಅಂದಿನಿಂದ ನನ್ನ ಪಾಠದ ರೀತಿಯೇ ಬದಲಾಯಿತು. ಒಂದೊಂದು ಬೇರು ಹಿಡಿದು ಅದರ ಪದಗಳನ್ನೆಲ್ಲ ಎಳೆಯುವುದು. ನಮ್ಮ ಮುಖ್ಯೋಪಾಧ್ಯಾಯರು ರಾಚಪ್ಪ ಸರ್, ಒಳ್ಳೆಯ ಮನುಷ್ಯ, ಆದರೆ ಕಾಲೆಳೆಯದೆ ಅವರಿಗೆ ಚಹಾ ಇಳಿಯುತ್ತಿರಲಿಲ್ಲ. "ನಸೀಮಕ್ಕ, ನಮ್ಮ ಹುಡುಗ್ರು ಇನ್ನೂ ಎ ಬಿ ಸಿ ಡಿ ದಾಟಿಲ್ಲ, ನೀವು ಆಗಲೇ ರೋಮಿಗೆ ಹೊಂಟ್ರಲ್ಲ" ಎಂದರು. ಟ್ರಾನ್ಸ್‌ಫರ್ ಎಂಬ ಪದವನ್ನೇ ಅವರಿಗೆ ಬಿಡಿಸಿ ಹೇಳಿದೆ: ಟ್ರಾನ್ಸ್ ಅಂದರೆ ಆಚೆಗೆ, ಫರ್ ಅಂದರೆ ಹೊರುವುದು. ಅವರು ಲೋಟ ಕೆಳಗಿಟ್ಟು, "ಹೊತ್ಕೊಂಡು ಹೋಗಿ ಆಚಿಗೆ ಒಗಿಯೋದು. ಖರೆ ಅದ ಬಿಡ್ರಿ, ನನಗ ಹಂಗೇ ಮಾಡ್ಯಾರ" ಎಂದರು.

ಆಮೇಲೆ ಎಡವಿದೆ. ಡಿ ಅಂದರೆ ಕೆಳಗೆ, ಸೀವ್ ಅಂದರೆ ತೆಗೆದುಕೋ ಎಂದು ಹೇಳಿದ್ದೆ. ಒಬ್ಬ ಹುಡುಗ ಅದನ್ನು ಹಾಗೆಯೇ ನಂಬಿ, ಕೆಳಗಿಳಿಸಿದಳು ಎನ್ನುವ ಬದಲು, ನಮ್ಮವ್ವ ಅಟ್ಟದ ಮೇಲಿನ ಗಡಿಗೆಯನ್ನು ಡಿಸೀವ್ ಮಾಡಿದಳು ಎಂದು ಇಂಗ್ಲಿಷಿನಲ್ಲಿ ಬರೆದ. ತಪಾಸಣೆಗೆ ಬಂದ ಅಧಿಕಾರಿಯ ಕೈಗೆ ಮೊದಲು ಸಿಕ್ಕಿದ್ದೂ ಅದೇ ನೋಟುಬುಕ್ಕು. ಅವರು ಓದಿ ನನ್ನ ಕಡೆ ನೋಡಿದರು.

"ಗಡಿಗಿಗೆ ಹೆಂಗ ಮೋಸ ಮಾಡಿದ್ಳ್ರಿ ಅವರವ್ವ?"

ನಾನು ಬೇರಿನ ಕಥೆ ಶುರುಮಾಡಿದೆ. ಅವರು ಕೈಯೆತ್ತಿ ತಡೆದರು. "ಲ್ಯಾಟಿನ್ ಕಲಿಸಾಕ ಸರ್ಕಾರ ಪಗಾರ ಕೊಡಂಗಿಲ್ರಿ. ಪುಸ್ತಕದಾಗ ಏನದ ಅಷ್ಟ ಹೇಳ್ರಿ."

ಅವರು ಹೋದ ಮೇಲೆ ರಾಚಪ್ಪ ಸರ್, "ಗಣಪತಿ ಮಾಡಾಕ ಹೋಗಿ ಅವರಪ್ಪನ್ನ ಮಾಡಿದ್ರಿ" ಎಂದು ನಕ್ಕರು. ನಾನು ನಗಲಿಲ್ಲ. ಆ ಅಧಿಕಾರಿ ಹೇಳಿದ್ದರಲ್ಲಿ ಅರ್ಧ ಸರಿ ಇತ್ತು ಎಂದು ಈಗ ಒಪ್ಪುತ್ತೇನೆ. ಮನೆತನ ಗೊತ್ತಾದರೆ ಮನುಷ್ಯ ಗೊತ್ತಾದ ಹಾಗಲ್ಲ, ಪದಗಳೂ ಹಾಗೆಯೇ. ಹೊಸಬರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಆದರೆ ಮನೆತನವನ್ನೇ ಕೇಳಬಾರದು ಎಂದರೆ ನಾನು ಒಪ್ಪುವವಳಲ್ಲ, ಆಗಲೂ ಒಪ್ಪಲಿಲ್ಲ.

ಮಾನ್ವಿಗೆ ವರ್ಗವಾಗಿ ಬಂದ ಮೇಲೆ ಮನೆತನ ಎಂಬ ಮಾತೇ ನನಗೆ ದಾರಿ ತೋರಿಸಿತು. ಅಲ್ಲಿ ನನ್ನ ತರಗತಿಯಲ್ಲಿ ಕುರಿ ಸಾಕುವ ಮನೆಗಳ ಮಕ್ಕಳು ಬಹಳ. ಹೊಸ ಹುಡುಗಿ ಬಂದರೆ ಹೆಸರು ಕೇಳಿದ ಬೆನ್ನಿಗೇ, "ನಿಮ್ಮದು ಯಾವ ಬೆಡಗು?" ಎಂದು ಕೇಳುತ್ತಿದ್ದರು. ಬೆಡಗು ಅಂದರೆ ಅವರಲ್ಲಿ ಒಂದು ವಂಶದ ಹೆಸರು. ಬೆಡಗು ಒಂದೇ ಆದರೆ ಅಣ್ಣತಂಗಿಯರು, ಎಷ್ಟೇ ದೂರದ ಊರಿನವರಾದರೂ ಅವರಲ್ಲಿ ಲಗ್ನವಿಲ್ಲ. ನಮ್ಮ ಮನೆಗಳಲ್ಲಿ ಚಿಕ್ಕಪ್ಪನ ಮಗನಿಗೂ ಹೆಣ್ಣು ಕೊಡುತ್ತಾರೆ, ಹಾಗಾಗಿ ನನಗೆ ಇದು ಹೊಸದು. ಹೊಸದು ಸಿಕ್ಕರೆ ನನ್ನ ಕೈ ಸುಮ್ಮನಿರುವುದಿಲ್ಲ. ರಿಸೀವ್, ಡಿಸೀವ್, ಪರ್ಸೀವ್ ಎಲ್ಲವೂ ಸೀವ್ ಬೆಡಗು ಎಂದೆ. ಡಿಫೆಂಡ್, ಅಫೆಂಡ್ ಎರಡೂ ಫೆಂಡ್ ಬೆಡಗು. ತರಗತಿ ಎದ್ದು ಕೂತಿತು. ನಿಘಂಟಿನ ಗಾಳಿಯೂ ಸೋಕದ ಮಕ್ಕಳು ಆಟದ ಬಯಲಲ್ಲಿ ಪದಗಳಿಗೆ ಬೆಡಗು ಕೇಳುತ್ತಾ ಓಡಾಡತೊಡಗಿದರು.

ಆ ನಡುವೆ ಪದ್ಧತಿಗಳು ಬಂದು ಹೋದವು. ಬಣ್ಣದ ಚಾರ್ಟು ಬಂತು, ಕಲಿಕೆ ಎಂದರೆ ಆಟ ಎಂದರು. ಸ್ಮಾರ್ಟ್ ಕ್ಲಾಸಿನ ಪರದೆ ಬಂತು, ಕರೆಂಟು ಬರಲಿಲ್ಲ. ಕೊನೆಗೆ ಪಾಸಿಂಗ್ ಪ್ಯಾಕೇಜು ಬಂತು. ಪಾಸಾಗಲು ಬೇಕಾದಷ್ಟನ್ನು ಮಾತ್ರ ಆರಿಸಿ ಉರು ಹೊಡೆಸುವುದು. ಅದರಿಂದ ಎಷ್ಟೋ ಮಕ್ಕಳು ದಡ ಸೇರಿದರು, ಸುಳ್ಳು ಹೇಳಬಾರದು. ನಾನು ಬೆಳಿಗ್ಗೆ ಪ್ಯಾಕೇಜು ಓದಿಸಿ, ಮಧ್ಯಾಹ್ನದ ಮೇಲೆ ಕದ್ದು ಬೆಡಗು ಹೇಳುತ್ತಿದ್ದೆ.

ಹುಲಿಗೆಮ್ಮ ನನ್ನ ಕೊನೆಯ ವರ್ಷದ ಹತ್ತನೇ ತರಗತಿಯ ಹುಡುಗಿ. ಮಾನ್ವಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ಅವಳ ಅಪ್ಪ ಅಮರಪ್ಪ ಹಿಂಡಿನ ಜೊತೆ ಊರೂರು ತಿರುಗುವವನು. ಭತ್ತ ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿ, ಅದು ಮುಗಿದರೆ ಮುಂದಿನ ಹೊಲ. ಹೆಂಡತಿ ತೀರಿಕೊಂಡಿದ್ದಳು, ಮಗಳೊಬ್ಬಳೇ. ಶಾಲೆ ಶುರುವಾದಾಗ ಅವನು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದು ತರಗತಿಯ ಹೊರಗೆ ನಿಂತಿದ್ದ.

"ಅಕ್ಕೋರ, ಒಂದ ಮಾತು. ಈ ಸಲ ಪಾಸಾದ್ರ ಮುಂದ ಓದ್ಲಿ. ಫೇಲಾದ್ರ ಕುರಿ ಹಿಂದ ಬರ್ತಾಳ. ಆಕಿಗೂ ಹೇಳೀನಿ. ಮಾತು ಅಂದ್ರ ಮಾತು."

ನಾನು ನಕ್ಕು ಒಪ್ಪಿಕೊಂಡೆ. ಫೇಲಾಗುವ ಹುಡುಗಿ ಅವಳಲ್ಲ. ಬೆಡಗು ಕೇಳುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಅಡ್ಮಿಟ್ ಎಂದರೆ, "ಮಿಟ್ ಬೆಡಗ್ರಿ, ಪರ್ಮಿಟ್ ಅದರ ತಮ್ಮ" ಎನ್ನುತ್ತಿದ್ದಳು. ಮುಂದೆ ನರ್ಸ್ ಆಗುತ್ತೇನೆ ಎಂದು ಒಂದು ಸಲ ಹೇಳಿದ್ದಳು.

ಫಲಿತಾಂಶ ಬಂತು. ಹುಲಿಗೆಮ್ಮ ಎಲ್ಲದರಲ್ಲೂ ಪಾಸು, ಇಂಗ್ಲಿಷಿನಲ್ಲಿ ಫೇಲು. ಮೊಬೈಲಿನ ಪರದೆಯನ್ನು ಉಜ್ಜಿ ಉಜ್ಜಿ ನೋಡಿದೆ. ಕೂಡಲೇ ಸ್ಕೂಟರ್ ತೆಗೆದುಕೊಂಡು ಅವಳ ಸೋದರತ್ತೆಯ ಮನೆಗೆ ಹೋದೆ. "ನಮ್ಮಣ್ಣ ಬಂದು ಕರ್ಕೊಂಡು ಹೋದ್ರಿ, ಆಕಿ ಗಂಟು ಕಟ್ಕೊಂಡು ಕುಂತಿದ್ಳು" ಎಂದು ಆಕೆ ಕಣ್ಣೊರೆಸಿಕೊಂಡಳು. ಎಲ್ಲಿಗೆ ಎಂದರೆ, "ಸಿರವಾರದ ಕಡಿಗೆ ಅಂದ್ರು. ಹಿಂಡು ಎಲ್ಲಿರ್ತದ ಅಲ್ಲೇ ಅಲ್ರಿ" ಎಂದಳು. ಅಮರಪ್ಪನ ಫೋನು ಸ್ವಿಚ್ ಆಫ್. ಹೊಲದಲ್ಲಿ ಚಾರ್ಜು ಎಲ್ಲಿಂದ ಬರಬೇಕು?

ಪೂರಕ ಪರೀಕ್ಷೆ ಇತ್ತು. ಅರ್ಜಿ ಹಾಕಲು ಸ್ವಲ್ಪವೇ ದಿನ ಉಳಿದಿದ್ದವು, ಹುಡುಗಿಯ ಸಹಿ ಬೇಕಿತ್ತು. ಅದೇ ತಿಂಗಳು ನನ್ನ ನಿವೃತ್ತಿ. ಶಾಲೆಯಲ್ಲಿ ಶಾಲು, ಹಣ್ಣಿನ ಬುಟ್ಟಿ ತಂದಿಟ್ಟು ಬೀಳ್ಕೊಡುಗೆಗೆ ಕಾಯುತ್ತಿದ್ದಾಗ ನಾನು ಸಿರವಾರದ ಅಕ್ಕಿ ಗಿರಣಿಯ ಮುಂದೆ ನಿಂತು, ಅಮರಪ್ಪನ ಹಿಂಡು ನೋಡಿದ್ದೀರಾ ಎಂದು ಕೇಳುತ್ತಿದ್ದೆ. ಕವಿತಾಳಕ್ಕೆ ಹೋದರು ಎಂದರು. ಕವಿತಾಳದ ಚಹಾದಂಗಡಿಯವನು, ನೀರಮಾನ್ವಿಯ ಕಡೆಗೆ ದಾಟಿಸಿದರು ಎಂದ. "ಕುಂಡ್ರಿ ಅಕ್ಕೋರ, ಚಾ ಕುಡೀರಿ. ಊರಿಗೆ ಬಂದಾಕಿ ನೀರಿಗೆ ಬರ್ದ ಇರ್ತಾಳೇನ್ರಿ?" ಎಂದು ಸಮಾಧಾನ ಹೇಳಿದ. ನಾನು ಚಹಾ ಮುಟ್ಟದೆ ಹೊರಟೆ. ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ.

ನೀರಮಾನ್ವಿಯ ಹತ್ತಿರ ಕೊಯ್ದ ಭತ್ತದ ಹೊಲದಲ್ಲಿ ಅವರು ಸಿಕ್ಕರು. ಅಮರಪ್ಪ ಕುರಿಗಳ ಸುತ್ತ ಬಲೆ ಕಟ್ಟಲು ಗೂಟ ಬಡಿಯುತ್ತಿದ್ದ. ಹುಲಿಗೆಮ್ಮ ಮರಿಗಳನ್ನು ಬೇರೆ ಮಾಡುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳೇ ಹೊರತು ಹತ್ತಿರ ಬರಲಿಲ್ಲ.

"ಪೇಪರ್ ಅಷ್ಟು ಕಷ್ಟ ಇತ್ತೇನಬೇ?" ಎಂದೆ.

"ಇಲ್ರಿ. ಟೈಮ್ ಸಾಲಲಿಲ್ರಿ."

"ಯಾಕ?"

ಅವಳು ನೆಲ ನೋಡಿಕೊಂಡು ಹೇಳಿದಳು. "ಬೆಡಗು ನೋಡ್ಕೊಂತ ಕುಂತಿದ್ದೆ, ಟೀಚರ್ರೀ. ಒಂದ ಬೆಡಗಿನವು ಒಂದ ವಾಕ್ಯದಾಗ ಬಂದಾವೇನು ಅಂತ. ಬಂದ್ರ ಹೊಡೆದು ಹಾಕಿ ಬ್ಯಾರೆ ಬರೀತಿದ್ದೆ. ಪತ್ರ ಬರಿಯೋದು ಹಂಗೇ ಉಳೀತು, ಪ್ರಬಂಧನೂ ಉಳೀತು."

ನನಗೆ ಅರ್ಥವಾಗಲಿಲ್ಲ. "ಒಂದು ವಾಕ್ಯದಾಗ ಬಂದ್ರ ಏನಾತು?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಅಣ್ಣತಂಗಿ ಅಲ್ರಿ ಅವು? ಹೆಂಗ ಕೂಡಸ್ತಾರ್ರಿ? ಪದಗಳು ಒಂದಕ್ಕೊಂದು ಕೂಡಿದ್ರ ವಾಕ್ಯ ಅಂತ ಕ್ಲಾಸಿನ್ಯಾಗ ನೀವ ಹೇಳಿದ್ರಿ. ನಾವು ಎಲ್ಲಾರೂ ಹಂಗ ತಿಳ್ಕೊಂಡಿದ್ವಿ. ಉಳಿದವ್ರು ಪರೀಕ್ಷೆದಾಗ ಮರ್ತು ಬರದ್ರು. ನಾ ಮರೀಲಿಲ್ರಿ."

ನಾನು ಅಲ್ಲೇ ಹೊಲದ ಬದುವಿನ ಮೇಲೆ ಕೂತೆ. ಒಂದು ಬೆಡಗಿನ ಪದಗಳನ್ನು ಒಂದೇ ವಾಕ್ಯದಲ್ಲಿ ಬಳಸಬಾರದು ಎಂದು ನಾನು ಯಾವತ್ತೂ ಹೇಳಿರಲಿಲ್ಲ. ಹೇಳಬೇಕಾಗಿರಲಿಲ್ಲ, ಅವರ ಮನೆಗಳಲ್ಲಿ ಅದು ಹೇಳದೆಯೇ ಗೊತ್ತಿರುವ ಸಂಗತಿ. ಬೆಡಗು ಎಂಬ ಮಾತನ್ನು ತಂದವಳು ನಾನು, ಅದರ ಹಿಂದೆಯೇ ಕಟ್ಟಳೆಯೂ ನಡೆದು ಬಂದಿತ್ತು. ಮಕ್ಕಳು ನಮ್ಮ ಹೋಲಿಕೆಯನ್ನು ನಮಗೆ ಬೇಕಾದಷ್ಟೇ ನಂಬುತ್ತಾರೆ ಎಂದು ತಿಳಿಯಬೇಡಿ. ಅವರು ಪೂರ್ತಿ ನಂಬುತ್ತಾರೆ.

ಗೂಟ ಬಡಿಯುವುದನ್ನು ನಿಲ್ಲಿಸಿ ಅಮರಪ್ಪ ಹತ್ತಿರ ಬಂದ. ನಾನು ಅವನಿಗೆ ಎಲ್ಲವನ್ನೂ ಹೇಳಿದೆ. ಅವನಿಗೆ ಇಂಗ್ಲಿಷ್ ಬಾರದು, ಬೆಡಗು ಬರುತ್ತಿತ್ತು. ಮಗಳ ಕಡೆ ತಿರುಗಿದ.

"ಲೇ ಹುಲಿಗಿ, ಒಂದ ಬೆಡಗಿನವ್ರ ನಡುವ ಬೀಗತನ ಇಲ್ಲ, ಖರೆ. ಹಂಗಂತ ಒಂದ ಪಂಕ್ತ್ಯಾಗ ಕುಂತು ಉಣ್ಣಂಗಿಲ್ಲೇನು? ನಮ್ಮ ಅಣ್ಣತಮ್ಮರು ಬಂದ್ರ ಎಲ್ಲಿ ಕುಂಡ್ರಸ್ತೀವಿ? ಮಗ್ಗಲಾಗ ಅಲ್ಲೇನು?"

ಹುಲಿಗೆಮ್ಮ ಕೈಯಲ್ಲಿದ್ದ ಮರಿಯನ್ನು ಕೆಳಗೆ ಬಿಟ್ಟಳು. ಆಮೇಲೆ ನನ್ನ ಕಡೆ ನೋಡಿ, "ಇದನ್ನ ಅವತ್ತ ಹೇಳಿದ್ರ ಆಗ್ತಿತ್ತಲ್ರಿ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ನನಗೆ ತಡೆಯಲಾಗಲಿಲ್ಲ, ಸೆರಗಿನಿಂದ ಮುಖ ಒರೆಸಿಕೊಂಡೆ.

ಪೂರಕ ಪರೀಕ್ಷೆಯ ಮಾತೆತ್ತಿದೆ. ಅಮರಪ್ಪ ತಲೆಯಾಡಿಸಿದ. "ಮಾತು ಕೊಟ್ಟೀನಿ ಅಕ್ಕೋರ. ಫೇಲಾದ್ರ ಕುರಿ ಹಿಂದ ಅಂತ. ಮಾತು ತಪ್ಪಂಗಿಲ್ಲ."

"ಪಾಸಾದ್ರ ಓದಸ್ತೀನಿ ಅಂತನೂ ಕೊಟ್ಟೀರಿ."

"ಹೌದು, ಕೊಟ್ಟೀನಿ."

"ಹಂಗಾದ್ರ ಎರಡೂ ಉಳಸ್ಕೊಳ್ರಿ. ಪರೀಕ್ಷೆ ತನಕ ಆಕಿ ಕುರಿ ಹಿಂದೇ ಇರ್ಲಿ. ಒಂದು ಪರೀಕ್ಷೆ ಬರದು ಬರ್ಲಿ. ಪಾಸಾದ್ರ ಆ ಮಾತೂ ನಡಸ್ರಿ."

ಅವನು ಗಡ್ಡ ಕೆರೆದುಕೊಂಡ. ಬಲೆಯ ಆಚೆ ಕುರಿಗಳು ಒಂದರ ಮೇಲೊಂದು ಬಿದ್ದು ಕೂಗುತ್ತಿದ್ದವು. ಕೊನೆಗೆ, "ಎಲ್ಲಿ ಸಹಿ ಮಾಡ್ಬೇಕು ತೋರಸ್ರಿ ಆಕಿಗೆ" ಎಂದ.

ಮಧ್ಯೆ ನಾನು ನಿವೃತ್ತಳಾದೆ. ಶಾಲು ಮನೆಗೆ ಕಳಿಸಿದರು. ದಿನ ಬಿಟ್ಟು ದಿನ ರಾಯಚೂರಿನಿಂದ ಬಸ್ಸು ಹಿಡಿದು ಹಿಂಡು ಇದ್ದಲ್ಲಿಗೆ ಹೋಗಿ, ಹೊಲದಲ್ಲೇ ಅವಳಿಗೆ ಪಾಠ ಹೇಳಿದೆ. ಕುರಿ ಸರಿದ ಹಾಗೆ ಪಾಠವೂ ಸರಿಯುತ್ತಿತ್ತು. ಪತ್ರ ಬರೆಯುವುದನ್ನು ಅವಳು ನಡೆಯುತ್ತಲೇ ಬಾಯಲ್ಲಿ ಕಟ್ಟಿದಳು.

ಪರೀಕ್ಷೆಯ ದಿನ ಮಾನ್ವಿಯ ಕೇಂದ್ರದ ಗೇಟಿನ ಹೊರಗೆ ನಾನು ನಿಂತಿದ್ದೆ. ಇಷ್ಟು ವರ್ಷ ಒಳಗೆ ಓಡಾಡಿದವಳು ಈಗ ಹೊರಗಿನವಳು. ಅಪ್ಪನ ಜೊತೆ ಅವಳು ಬಂದಾಗ ಗಂಟೆ ಹೊಡೆದಾಗಿತ್ತು, ಕಾಲಿಗೆ ಹೊಲದ ಕೆಸರು ಮೆತ್ತಿಕೊಂಡೇ ಒಳಗೆ ಓಡಿದಳು. ಅವಳು ಹೊರಬರುವ ತನಕ ನಾನು ಗೋಡೆಯ ಆ ತುದಿಯಿಂದ ಈ ತುದಿಗೆ ನಡೆದೆ, ಅಮರಪ್ಪ ಬೇವಿನ ನೆರಳಲ್ಲಿ ಕಂಬಳಿ ಹಾಸಿ ಮಲಗಿದ. ಹೊರಬಂದವಳನ್ನು ಕೇಳಿದೆ, ಒಂದೇ ಬೆಡಗಿನವು ಬಂದಿದ್ದವಾ ಎಂದು.

"ಬಂದಿದ್ವ್ರಿ. ಮಗ್ಗಲಾಗ ಕುಂಡ್ರಿಸಿ ಬಂದೀನ್ರಿ" ಎಂದಳು.

ಅವಳು ಪಾಸಾದಳು. ಸುದ್ದಿ ಹೇಳಲು ನಾನೇ ಹೋಗಬೇಕೆಂದಿದ್ದೆ, ಅಷ್ಟರಲ್ಲಿ ಅಮರಪ್ಪನದೇ ಫೋನು ಬಂತು.

"ಅಕ್ಕೋರ, ಮಾತು ನಿಮ್ಮ ಕಡಿಗೆ ಬಿತ್ತು. ಆಕಿನ್ನ ಕಾಲೇಜಿಗೆ ಹಚ್ಚೀನಿ. ಆದ್ರ ಮಳಿ ಬಿದ್ದಾದ, ಹೊಲ ಬಿಡ್ಬೇಕು, ಹಿಂಡು ದಾಟಿಸ್ಬೇಕು. ಹಿಂದ ನಡಿಯಾಕ ಇನ್ನೊಬ್ರು ಬೇಕು. ಯಾರನ್ನಾರ ನೋಡಿ ಕಳಸ್ರಿ."

ತಮಾಷೆ ಎಂದು ನಕ್ಕೆ. ಆ ಕಡೆ ಅವನು ನಗಲಿಲ್ಲ. ಹುಡುಗಿಯನ್ನು ಓದಿಸಿ, ಓದಿಸಿ ಎಂದು ಎಷ್ಟು ಮನೆಗಳ ಬಾಗಿಲಲ್ಲಿ ನಾನು ಹೇಳಿದ್ದೆನೋ ಲೆಕ್ಕವಿಲ್ಲ. ಹಾಗಾದರೆ ಆಕೆಯ ಕೆಲಸ ಯಾರು ಮಾಡಬೇಕು ಎಂದು ನನ್ನನ್ನು ತಿರುಗಿ ಕೇಳಿದವನು ಇವನೊಬ್ಬನೇ. ಸಿರವಾರದಲ್ಲಿ ಕೇಳಿದೆ, ಕವಿತಾಳದಲ್ಲಿ ಕೇಳಿದೆ. ಇಂಗ್ಲಿಷ್ ಅಕ್ಕೋರು ಕುರಿ ಕಾಯುವವರನ್ನು ಹುಡುಕುತ್ತಿದ್ದಾರೆ ಎಂದು ಚಹಾದಂಗಡಿಯವನು ಬಂದವರಿಗೆಲ್ಲ ಹೇಳಿ ನಗಿಸಿದ. ಆಳು ಸಿಕ್ಕ, ಆದರೆ ಎರಡು ದಿನ ಬಿಟ್ಟು ಬರುತ್ತೇನೆ ಎಂದ. ಹಿಂಡು ದಾಟಬೇಕಾದದ್ದು ಮರುದಿನ. ಮರುದಿನವೇ ಹುಲಿಗೆಮ್ಮನಿಗೆ ಕಾಲೇಜಿನ ಮೊದಲ ದಿನ.

ಹಾಗಾಗಿ ನಾನೇ ಹೋದೆ. ಅಮರಪ್ಪ ಮುಂದೆ ನಡೆದ, ನಡುವೆ ಕುರಿಗಳು, ಕೊನೆಯಲ್ಲಿ ಕೋಲು ಹಿಡಿದುಕೊಂಡು ನಾನು. ಕಾಲುವೆಯ ದಂಡೆಯ ಮೇಲೆ ಧೂಳು, ಬಿಸಿಲು, ಕೂಗು. ಮಧ್ಯಾಹ್ನದ ಹೊತ್ತಿಗೆ ಮೊಬೈಲು ಹೊಡೆದುಕೊಂಡಿತು. ಊಟದ ಬಿಡುವಿನಲ್ಲಿ ಮನೆಗೆ ಬಂದು, ಸೋದರತ್ತೆಯ ಫೋನಿನಿಂದ ಹುಲಿಗೆಮ್ಮ ಮಾತಾಡುತ್ತಿದ್ದಳು. ಕ್ಲಾಸು ಹೇಗಿತ್ತು ಎಂದು ನಾನು ಕೇಳುವ ಮೊದಲೇ ಅವಳು ಕೇಳಿದಳು.

"ಟೀಚರ್ರೀ, ಕುಂಟ ಮರಿ ಒಂದು ಹಿಂದ ಉಳೀತದ. ಅದನ್ನ ನೋಡ್ಕೊಂಡೀರಿಲ್ರಿ?"

ತಿರುಗಿ ನೋಡಿದೆ. ಹಿಂದೆ ದಂಡೆ ಖಾಲಿ ಇತ್ತು.

"ಅದ, ಇಲ್ಲೇ ಅದ. ನೀ ಕ್ಲಾಸಿಗೆ ಹೋಗು" ಎಂದು ಹೇಳಿ ಫೋನು ಇಟ್ಟು, ಸೀರೆ ಎತ್ತಿ ಕಟ್ಟಿ, ಬಂದ ದಾರಿಯಲ್ಲೇ ಓಡಿದೆ.